ಟ್ಯೂಬಿಂಗೆನ್‌ಗೆ ಒಂದು ದಿನ: ವಯಸ್ಸಾದ ಅಪ್ಪ ಅಮ್ಮನ್ನ ಕರ್ಕೊಂಡು ಹೋಗಬಹುದಾ?

ಸೀಮಾ_ಸ್ಟುಟ್‌ಗಾರ್ಟ್:
ಎಲ್ಲರಿಗೂ ನಮಸ್ಕಾರ. ನಾವಿರೋದು ಜರ್ಮನೀಲಿ, ಸ್ಟುಟ್‌ಗಾರ್ಟ್ ಹತ್ರ, ಅಪ್ಪ ಅಮ್ಮ ಧಾರವಾಡದಿಂದ ಬಂದಿದಾರೆ. ಅಪ್ಪ ಕಾಲೇಜಲ್ಲಿ ಕನ್ನಡ ಪಾಠ ಮಾಡಿದವರು, ಬಂದಾಗಿಂದ ಒಂದೇ ಹಟ, "ಕನ್ನಡ ನಿಘಂಟು ಮಾಡಿದ ಕಿಟೆಲ್ ಸಾಹೇಬ್ರು ಇದ್ದ ಊರು ಟ್ಯೂಬಿಂಗೆನ್ ಇಲ್ಲೇ ಸನೇದಾಗ ಐತಂತಲ್ಲ, ಅದನ್ನೊಂದು ತೋರಿಸು, ಉಳಿದದ್ದು ಏನೂ ಬ್ಯಾಡ" ಅಂತ. ನಮ್ಮನೆಯವರು ಹೇಳೋದು ಅಲ್ಲಿ ನೋಡೋಕೆ ಏನೂ ಇಲ್ಲ, ಅದರ ಬದಲು ನಾಯ್‌ಶ್ವಾನ್‌ಸ್ಟೈನ್ ಕೋಟೆಗೆ ಹೋಗೋಣ, ಇಲ್ಲಾಂದ್ರೆ ಮೆಟ್ಸಿಂಗೆನ್ ಔಟ್‌ಲೆಟ್‌ಗೆ ಹೋದ್ರೆ ಊರಿಗೆ ತಗೊಂಡು ಹೋಗೋಕಾದ್ರೂ ಏನಾದ್ರೂ ಸಿಗತ್ತೆ ಅಂತ. ಅಮ್ಮಂಗೆ ಮಂಡಿ ನೋವು, ಜಾಸ್ತಿ ಹತ್ತಿ ಇಳಿಯೋದು ಆಗಲ್ಲ, ಜೊತೆಗೆ ಶುದ್ಧ ಸಸ್ಯಾಹಾರಿ, ಮೊಟ್ಟೇನೂ ಇಲ್ಲ. ಮಗಳಿಗೆ ಬೋರ್ ಆಗಬಾರದು. ಶನಿವಾರ ಒಂದೇ ದಿನ ಇರೋದು. ಹೋಗಿಬಂದವರು ದಯವಿಟ್ಟು ಹೇಳಿ, ಟ್ಯೂಬಿಂಗೆನ್ ಒಂದು ದಿನಕ್ಕೆ ಸರಿನಾ?

ಹಳೇಮೈಸೂರು:
ಕಣ್ಮುಚ್ಕೊಂಡು ಹೋಗಿ.

ಬೋಬ್ಲಿಂಗೆನ್_ಭಟ್ಟ:
ನಿಮ್ಮನೆಯವರು ಹೇಳಿದ್ದೇ ಸರಿ ಅನ್ಸತ್ತೆ ಮೇಡಂ. ಚಿಕ್ಕ ಊರು, ಅರ್ಧ ದಿನದಲ್ಲಿ ಮುಗಿದುಹೋಗತ್ತೆ. ಇಂಡಿಯಾದಿಂದ ಅಷ್ಟು ದೂರ ಬಂದವರಿಗೆ ದೊಡ್ಡದು ಏನಾದ್ರೂ ತೋರಿಸ್ಬೇಕು. ಲೂಡ್ವಿಗ್ಸ್‌ಬರ್ಗ್ ಅರಮನೆ ಇದೆ, ಮರ್ಸಿಡಿಸ್ ಮ್ಯೂಸಿಯಂ ಇದೆ. ಕಿಟೆಲ್ ಹೆಸರಲ್ಲಿ ಅಲ್ಲಿ ಮ್ಯೂಸಿಯಮ್ಮೂ ಇಲ್ಲ ಏನೂ ಇಲ್ಲ, ಸುಮ್ನೆ ಅಂಕಲ್‌ಗೆ ನಿರಾಸೆ ಆಗತ್ತೆ.

ನೆಕ್ಕರ್_ದಂಡೆ:
ಭಟ್ರೇ, "ಅರ್ಧ ದಿನದಲ್ಲಿ ಮುಗಿಯತ್ತೆ" ಅನ್ನೋರು ಮಾರ್ಕೆಟ್ ಚೌಕದಲ್ಲಿ ಫೋಟೋ ಹೊಡ್ಕೊಂಡು ವಾಪಸ್ ಬಂದವರು. ನಾನು ಅಲ್ಲೇ ಓದಿದ್ದು, ಸ್ವಲ್ಪ ಉದ್ದಕ್ಕೇ ಬರೀತೀನಿ.

ಸೀಮಾ ಅವ್ರೇ, ಎರಡನೇ ಮಹಾಯುದ್ಧದಲ್ಲಿ ಸ್ಟುಟ್‌ಗಾರ್ಟ್ ಬಾಂಬ್ ಬಿದ್ದು ನೆಲಸಮ ಆಯ್ತು, ಟ್ಯೂಬಿಂಗೆನ್ ಹೆಚ್ಚುಕಮ್ಮಿ ಹಾಗೇ ಉಳೀತು. ಅದಕ್ಕೇ ಅಲ್ಲಿ ನೋಡೋ ಹಳೇ ಮನೆಗಳು ನಿಜವಾಗ್ಲೂ ಹಳೇವು, ಆಮೇಲೆ ಕಟ್ಟಿದ ನಕಲು ಅಲ್ಲ. ಟೌನ್ ಹಾಲ್ 1435ರದ್ದು, ಅದರ ಮುಖದ ಮೇಲಿರೋ ಖಗೋಳ ಗಡಿಯಾರ 1511ರದ್ದು. ಯೂನಿವರ್ಸಿಟಿ ಶುರುವಾಗಿದ್ದು 1477ರಲ್ಲಿ. ಊರಿನ ಜನಸಂಖ್ಯೆ 90 ಸಾವಿರದ ಆಸುಪಾಸು, ಅದರಲ್ಲಿ ವಿದ್ಯಾರ್ಥಿಗಳೇ ಹತ್ತಿರ ಹತ್ತಿರ ಮೂರನೇ ಒಂದು ಭಾಗ ಬರ್ತಾರೆ, ಹಂಗಾಗಿ ಇಡೀ ಊರೇ ಒಂದು ಕ್ಯಾಂಪಸ್ಸು. ಕೆಪ್ಲರ್ ಓದಿದ್ದು ಅಲ್ಲಿ. ತತ್ವಜ್ಞಾನಿಗಳಾದ ಹೆಗೆಲ್, ಶೆಲ್ಲಿಂಗ್, ಕವಿ ಹೋಲ್ಡರ್ಲಿನ್ ಮೂರೂ ಜನ ಅಲ್ಲಿನ ಪ್ರೊಟೆಸ್ಟೆಂಟ್ ಮಠದ ಹಾಸ್ಟೆಲ್‌ನಲ್ಲಿ ಒಂದೇ ರೂಮಲ್ಲಿದ್ರು.

ಅಮ್ಮನ ಮಂಡಿ ವಿಷಯ ಮಾತ್ರ ಯೋಚನೆ ಮಾಡಿ. ಹಳೇ ಊರು ಪೂರ್ತಿ ಕಲ್ಲು ಹಾಸಿದ ರಸ್ತೆ, ಏರು ಇಳಿಜಾರು. ಕೋಟೆಗೆ ಹೋಗೋ ಬುರ್ಗ್‌ಸ್ಟೈಗೆ ದಾರಿ ಚಿಕ್ಕದೇ, ಆದ್ರೆ ಕಡಿದಾಗಿದೆ. ಮೆತ್ತನೆ ಶೂ ಹಾಕಿಸಿ, ಚಪ್ಪಲಿ ಬೇಡ.

ಕುಡ್ಲದ_ಹುಡುಗ:
ಕಿಟೆಲ್ ಮಾತ್ರ ಅಲ್ಲ ಮಾರಾಯ್ರೆ, ಮೋಗ್ಲಿಂಗ್‌ನ ಯಾಕೆ ಎಲ್ಲರೂ ಮರೀತೀರಿ? ನಮ್ಮ ಮಂಗಳೂರಿಂದ 1843ರ ಜುಲೈ 1ಕ್ಕೆ ಮಂಗಳೂರು ಸಮಾಚಾರ ಹೊರಡಿಸಿದವ ಹರ್ಮನ್ ಮೋಗ್ಲಿಂಗ್. ಕನ್ನಡದ ಮೊದಲ ಪತ್ರಿಕೆ, ಕಲ್ಲಚ್ಚಿನಲ್ಲಿ ಮುದ್ರಣ. ಅದಕ್ಕೇ ಅಲ್ವಾ ಜುಲೈ 1 ಪತ್ರಿಕಾ ದಿನ ಅಂತ ಮಾಡೋದು. ಆ ಮನುಷ್ಯ ದೇವಶಾಸ್ತ್ರ ಓದಿದ್ದು ಟ್ಯೂಬಿಂಗೆನ್‌ನಲ್ಲಿ. ಕನ್ನಡದ ಹಳೇ ಕಾವ್ಯ, ದಾಸರ ಪದ ಎಲ್ಲ ಸೇರಿಸಿ ಅಚ್ಚು ಹಾಕಿಸಿದ್ದಕ್ಕೆ ಅದೇ ಯೂನಿವರ್ಸಿಟಿ 1858ರಲ್ಲಿ ಡಾಕ್ಟರೇಟ್ ಕೊಟ್ಟಿತು. ಆಮೇಲೆ ಕಿಟೆಲ್‌ಗೆ 1896ರಲ್ಲಿ. ಅಂದ್ರೆ ಕನ್ನಡದ ಕೆಲಸಕ್ಕೆ ಅಂತ ಒಂದೇ ಜರ್ಮನ್ ಯೂನಿವರ್ಸಿಟಿ ಎರಡೆರಡು ಸಲ ಗೌರವ ಕೊಟ್ಟಿದೆ. ಆ ಊರಲ್ಲಿ ಏನಿದೆ ಅಂತ ಕೇಳ್ತೀರಲ್ಲ ಭಟ್ರೇ, ಇದು ಸಾಕಾಗಲ್ವಾ?

ಬೋಬ್ಲಿಂಗೆನ್_ಭಟ್ಟ:
ಗೌರವ ಕೊಟ್ಟಿದ್ದು ಗೊತ್ತು ಸರ್, ನಾನು ಕೇಳಿದ್ದು ಕಣ್ಣಿಗೆ ಕಾಣೋದು ಏನಿದೆ ಅಂತ.

ಅಟ್ಟದ_ಪುಸ್ತಕ:
ಕಣ್ಣಿಗೆ ಕಾಣೋದು ಇದೆ ಭಟ್ರೇ. ವಿಲ್ಹೆಲ್ಮ್‌ಸ್ಟ್ರಾಸೆಯಲ್ಲಿ ನೊಯೆ ಆವುಲಾ ಅಂತ ದೊಡ್ಡ ಕಟ್ಟಡ ಇದೆ, 1845ರದ್ದು. ಮೋಗ್ಲಿಂಗ್‌ಗೂ ಕಿಟೆಲ್‌ಗೂ ಡಾಕ್ಟರೇಟ್ ಬಂದ ಕಾಲಕ್ಕೆ ಯೂನಿವರ್ಸಿಟಿಯ ಮುಖ್ಯ ಕಟ್ಟಡ ಅದೇ. ಸಮತಟ್ಟಾದ ರಸ್ತೆ, ಅಮ್ಮನೂ ಆರಾಮಾಗಿ ನಡೀಬಹುದು. ಅಂಕಲ್‌ನ ಅಲ್ಲಿಗೆ ಕರ್ಕೊಂಡು ಹೋಗಿ ವಿಷಯ ಹೇಳಿ, ಕನ್ನಡ ಮೇಷ್ಟ್ರಿಗೆ ಅಷ್ಟು ಸಾಕು.

ಇನ್ನೊಂದು ವಿಷಯ ಯಾರೂ ಹೇಳಲ್ಲ. ಅದೇ ಊರಲ್ಲಿ ರುಡಾಲ್ಫ್ ರೋಥ್ ಅನ್ನೋ ಪ್ರೊಫೆಸರ್ ಇದ್ರು. ಬೋಟ್ಲಿಂಕ್ ಅನ್ನೋ ವಿದ್ವಾಂಸರ ಜೊತೆ ಸೇರಿ 7 ಸಂಪುಟದ ಸಂಸ್ಕೃತ-ಜರ್ಮನ್ ಕೋಶ ಮಾಡಿದವರು ಅವರೇ, ಅಚ್ಚಾಗಿದ್ದು ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ, 1855ರಿಂದ 1875ರ ತನಕ. ಕಿಟೆಲ್ ಕೋಶ 1894ರಲ್ಲಿ ಬಂತು, 70 ಸಾವಿರದಷ್ಟು ಪದ. ರೋಥ್ ತೀರಿಕೊಂಡಿದ್ದು 1895ರಲ್ಲಿ. ಸಂಸ್ಕೃತದ ಅಷ್ಟು ದೊಡ್ಡ ಕೋಶ, ಕನ್ನಡದ ಅಷ್ಟು ದೊಡ್ಡ ಕೋಶ ಎರಡಕ್ಕೂ ನಂಟಿರೋ ಊರು, ಜನಸಂಖ್ಯೆ ನೋಡಿದ್ರೆ ನಮ್ಮ ಒಂದು ತಾಲೂಕು ಕೇಂದ್ರದಷ್ಟು. ನಂಗಂತೂ ಇದು ನಾಯ್‌ಶ್ವಾನ್‌ಸ್ಟೈನ್‌ಗಿಂತ ದೊಡ್ಡದು.

ಹಳೇಮೈಸೂರು:
ಕಿಟೆಲ್ ಹುಟ್ಟಿದ್ದೂ ಟ್ಯೂಬಿಂಗೆನ್‌ನಲ್ಲೇ ಅಲ್ವಾ?

ಅಟ್ಟದ_ಪುಸ್ತಕ:
ಇಲ್ಲ. ಹುಟ್ಟಿದ್ದು 1832ರಲ್ಲಿ ರೆಸ್ಟರ್‌ಹಾಫೆ ಅನ್ನೋ ಹಳ್ಳೀಲಿ, ಅದು ಉತ್ತರಕ್ಕೆ, ಸಮುದ್ರದ ಕಡೆ. ಟ್ಯೂಬಿಂಗೆನ್‌ನಲ್ಲಿ ಇದ್ದಿದ್ದು ಕೊನೆಗಾಲದಲ್ಲಿ, 1903ರಲ್ಲಿ ತೀರಿಕೊಂಡಿದ್ದು ಅಲ್ಲೇ. ಅದೇ ವರ್ಷ ಅವರ ಕನ್ನಡ ವ್ಯಾಕರಣವೂ ಹೊರಬಂತು.

ಸತ್ಯ_ಹೇಳ್ತೀನಿ:
ಎಲ್ಲ ಸರಿ, ಆದ್ರೆ ಇವರೆಲ್ಲ ಬಂದಿದ್ದು ಮತಾಂತರಕ್ಕೆ. ಭಾಷೆ ಕಲಿತಿದ್ದೂ ಅದಕ್ಕೇ. ತೀರ್ಥಯಾತ್ರೆ ತರ ಹೋಗೋ ಅಗತ್ಯ ಏನಿದೆ?

ಧಾರವಾಡ_ಫೇಡೆ:
ಬಂದಿದ್ದು ಅದಕ್ಕ ಅಂತ ಯಾರೂ ಇಲ್ಲ ಅನ್ನಂಗಿಲ್ರೀ. ಬಾಸೆಲ್ ಮಿಷನ್ನಿನವರು, ಮುಚ್ಚಿಡೂದು ಏನೈತಿ. ಆದ್ರ ಮತ ಪ್ರಚಾರಕ್ಕ ಅಷ್ಟs ಬೇಕಾಗಿದ್ರ ನಾಕು ಸಾವಿರ ಶಬ್ದ ಸಾಕಿತ್ತು. ಆ ಮನುಷ್ಯಾ ಕೇಶಿರಾಜನ ಶಬ್ದಮಣಿದರ್ಪಣ, ನಾಗವರ್ಮನ ಛಂದೋಂಬುಧಿ ಹಿಡಕೊಂಡು ಕುಂತು ಸಂಪಾದನೆ ಮಾಡ್ಯಾನ. ಕೋಶದಾಗ ಗಾದೆ ಮಾತು, ಹಳಗನ್ನಡ ಪದ್ಯ, ಒಕ್ಕಲುತನದ ಶಬ್ದ ಎಲ್ಲಾ ಹಾಕ್ಯಾನ. ನಮ್ಮ ಮನ್ಯಾಗ ಅದರ ಪ್ರತಿ ಐತಿ, ಇವತ್ತಿಗೂ ಹಳಗನ್ನಡ ಓದೂಮುಂದ ಅಡ್ಡಬಂದ್ರ ಅದನ್ನs ತಗಿಯೂದು. ನಮ್ಮೂರಾಗ ಕಿಟೆಲ್ ಕಾಲೇಜ್ ಐತಿ, ಬೆಂಗಳೂರಾಗ ಪುತ್ಥಳಿ ಐತಿ. ಉಪಕಾರ ನೆನಿಸಿದ್ರ ತಪ್ಪೇನ್ರೀ?

ಕುಡ್ಲದ_ಹುಡುಗ:
ಒಂದು ಸೇರಿಸ್ತೇನೆ, ಕಿಟೆಲ್ ಒಬ್ಬರೇ ಕೂತು ಮಾಡಿದ್ದಲ್ಲ. ನಮ್ಮ ಊರಿನ ಪಂಡಿತರು ಎಷ್ಟೋ ಜನ ಸಹಾಯ ಮಾಡಿದ್ದಾರೆ, ಅಚ್ಚಾಗಿದ್ದು ಮಂಗಳೂರಿನ ಬಾಸೆಲ್ ಮಿಷನ್ ಪ್ರೆಸ್ಸಿನಲ್ಲಿ. ಆ ಪಂಡಿತರ ಹೆಸರು ಯಾರಿಗೂ ಗೊತ್ತಿಲ್ಲ, ನನ್ನ ಬೇಜಾರು ಅದು.

ಸತ್ಯ_ಹೇಳ್ತೀನಿ:
ಈ ಪಂಡಿತರ ಮಾತು ಒಪ್ತೀನಿ.

ಸೀಮಾ_ಸ್ಟುಟ್‌ಗಾರ್ಟ್:
ಅಯ್ಯೋ ಇಷ್ಟೊಂದು ವಿಷಯ ಬರತ್ತೆ ಅಂದ್ಕೊಂಡಿರ್ಲಿಲ್ಲ, ಎಲ್ಲಾನೂ ಅಪ್ಪಂಗೆ ಓದಿ ಹೇಳಿದೆ. ಹೋಗೋದು ಅಂತ ತೀರ್ಮಾನ ಆಯ್ತು. ಈಗ ಊಟ, ರೈಲು, ಮಗಳು ಈ ಮೂರಕ್ಕೂ ಯಾರಾದ್ರೂ ಹೇಳಿ.

ರೈಲ್ವೆ_ರಂಗ:
ರೈಲು ನಾನು ಹೇಳ್ತೀನಿ. ಸ್ಟುಟ್‌ಗಾರ್ಟ್ ಮೇನ್ ಸ್ಟೇಷನ್‌ನಿಂದ ರೀಜನಲ್ ರೈಲಲ್ಲಿ ಒಂದು ಗಂಟೆ ಆಸುಪಾಸು. ನಿಮಗೆ ಡಾಯ್ಚ್‌ಲ್ಯಾಂಡ್ ಟಿಕೆಟ್ (ತಿಂಗಳ ಪಾಸ್) ಇದ್ದರೂ ಅಪ್ಪ ಅಮ್ಮಂಗೆ ಇರಲ್ವಲ್ಲ, ಅವರಿಗೆ ಬಾಡೆನ್-ವುರ್ಟೆಂಬರ್ಗ್ ಟಿಕೆಟ್ (ಈ ರಾಜ್ಯದೊಳಗೆ ಓಡಾಡೋ ಒಂದು ದಿನದ ಟಿಕೆಟ್) ತಗೊಳ್ಳಿ, ಒಂದೇ ಟಿಕೆಟ್‌ನಲ್ಲಿ 5 ಜನದ ತನಕ ಹೋಗಬಹುದು. ವಾರದ ದಿನ ಬೆಳಿಗ್ಗೆ 9ರ ಮೇಲೆ ಮಾತ್ರ ನಡೆಯೋದು, ಶನಿವಾರ ಆ ತಾಪತ್ರಯ ಇಲ್ಲ. ಟಿಕೆಟ್ ಮೇಲೆ ಹೆಸರು ಬರೀಲೇಬೇಕು, ಮರೆತ್ರೆ ಟಿಸಿ ಬಂದಾಗ ಕಷ್ಟ. ಐಸಿಇ ಅನ್ನೋ ವೇಗದ ರೈಲು ಹತ್ತಬೇಡಿ, ಅದಕ್ಕೆ ಈ ಟಿಕೆಟ್ ಆಗಲ್ಲ. ಬೋಬ್ಲಿಂಗೆನ್ ಕಡೆ ಇರೋರಾದ್ರೆ ಎಸ್1 ಲೋಕಲ್ ರೈಲು ಹಿಡಿದು ಹೆರೆನ್‌ಬರ್ಗ್‌ಗೆ ಹೋಗಿ ಅಲ್ಲಿಂದ ಅಮ್ಮರ್‌ಟಾಲ್ ರೈಲು, ಅದು ಹೊಲ ಗದ್ದೆ ನಡುವೆ ಹೋಗತ್ತೆ, ಇನ್ನೂ ಚೆನ್ನಾಗಿದೆ. ಆಮೇಲೆ ಭಾನುವಾರ ಹೋಗೋ ತಪ್ಪು ಯಾರೂ ಮಾಡಬೇಡಿ, ಅಂಗಡಿ ಎಲ್ಲ ಬಂದ್.

ಇನ್ನೊಂದು, ನೇರ ರೈಲು ಮೆಟ್ಸಿಂಗೆನ್ ಮೇಲೇ ಹೋಗತ್ತೆ. ನಿಮ್ಮನೆಯವರು ಸಂಜೆ ಬರ್ತಾ ಇಳ್ಕೊಂಡು ಔಟ್‌ಲೆಟ್ ನೋಡ್ಲಿ, ಜಗಳ ಬಗೆಹರೀತಲ್ಲ.

ಬೋಬ್ಲಿಂಗೆನ್_ಭಟ್ಟ:
ಈ ಐಡಿಯಾ ಸೂಪರ್.

ಮಲ್ನಾಡ್_ಅಡಿಗೆ:
ಊಟದ ವಿಷಯಕ್ಕೆ ಬರ್ತೀನಿ. ಆ ಕಡೆ ಮೌಲ್‌ಟಾಶೆನ್ ಅಂತ ಕೊಡ್ತಾರೆ, ನೋಡೋಕೆ ದೊಡ್ಡ ಕಡುಬು, ಒಳಗೆ ಪಾಲಕ್ ಹಸಿರು ಕಾಣತ್ತೆ ಅಂತ ತಿನ್ನಬೇಡಿ, ಮಾಂಸ ಇರತ್ತೆ. ಉಪವಾಸದ ದಿನ ದೇವರಿಗೆ ಕಾಣದ ಹಾಗೆ ಮಾಂಸನ ಹಿಟ್ಟಲ್ಲಿ ಮುಚ್ಚಿಟ್ಟಿದ್ದು ಅಂತ ಅಲ್ಲಿಯವರೇ ಕತೆ ಹೇಳ್ತಾರೆ. ವೆಜ್ ಮೌಲ್‌ಟಾಶೆನ್ ಬೇರೆ ಸಿಗತ್ತೆ, ಆದ್ರೆ ಹಿಟ್ಟಿಗೆ ಮೊಟ್ಟೆ ಹಾಕ್ತಾರೆ. ಚೀಸ್ ಹಾಕಿದ ಶ್ಪೆಟ್ಸ್ಲೆನೂ (ಅಲ್ಲಿಯ ನೂಡಲ್ಸ್ ತರದ್ದು) ಹಾಗೇ, ಮೊಟ್ಟೆ ಇಲ್ಲದೆ ಶ್ಪೆಟ್ಸ್ಲೆ ಆಗೋದೇ ಇಲ್ಲ ಅಲ್ಲಿ. ಬೇಳೆ ಜೊತೆ ಶ್ಪೆಟ್ಸ್ಲೆ ಕೊಡೋದಕ್ಕೆ ಸಾಸೇಜ್ ಇಟ್ಟಿರ್ತಾರೆ. ಅಮ್ಮಂಗೆ ಮನೆಯಿಂದ ಚಿತ್ರಾನ್ನ, ಚಪಾತಿ ಕಟ್ಕೊಂಡು ಹೋಗಿ, ನದಿ ಮಧ್ಯದ ನಡುಗಡ್ಡೇಲಿ ದೊಡ್ಡ ಮರಗಳ ಸಾಲಿದೆ, ಬೆಂಚಿದೆ, ಅಲ್ಲಿ ಕೂತು ತಿನ್ನಿ. ಯೂನಿವರ್ಸಿಟಿ ಊರಾದ್ದರಿಂದ ವೀಗನ್ ಜಾಗಗಳೂ ಇವೆ, ವೀಗನ್ ಅಂತ ಬರೆದಿದ್ರೆ ಮೊಟ್ಟೆ ಭಯ ಇಲ್ಲ.

ಹಳೇಮೈಸೂರು:
ಪಾರ್ಸೆಲ್ ತಗೊಂಡ್ರೆ ಡಬ್ಬಿಗೆ ಬೇರೆ ಕಾಸು ಕೊಡ್ಬೇಕು ಅಲ್ಲಿ ಗೊತ್ತಾ?

ನೆಕ್ಕರ್_ದಂಡೆ:
ಹೌದು, ಬಿಸಾಡೋ ಕಪ್ಪು, ಡಬ್ಬಿಗೆ 50 ಸೆಂಟ್ ತೆರಿಗೆ, ಸ್ಪೂನು ಫೋರ್ಕಿಗೆ 20 ಸೆಂಟ್. 2022ರ ಜನವರಿಯಿಂದ ಇದೆ. ಒಂದು ರೆಸ್ಟೋರೆಂಟ್‌ನೋರು ಕೋರ್ಟಿಗೆ ಹೋದ್ರು, ಕೊನೆಗೆ ದೇಶದ ಸಂವಿಧಾನ ನ್ಯಾಯಾಲಯವೇ ಊರಿನ ಪರ ತೀರ್ಪು ಕೊಡ್ತು, 2025ರ ಜನವರೀಲಿ ತೀರ್ಪು ಹೊರಬಂತು. ಈಗ ಬೇರೆ ಊರುಗಳೂ ಅದನ್ನೇ ಮಾಡೋಕೆ ಹೊರಟಿವೆ. ಮೇಯರ್ ಬೋರಿಸ್ ಪಾಲ್ಮರ್ ತಲೆಯಿಂದ ಬಂದಿದ್ದು ಇದು.

ಸತ್ಯ_ಹೇಳ್ತೀನಿ:
ಬಡ ವಿದ್ಯಾರ್ಥಿ ಕಾಫಿ ಕುಡಿಯೋಕೂ ತೆರಿಗೆ, ಇದನ್ನ ಹೊಗಳ್ತೀರಲ್ಲ.

ನೆಕ್ಕರ್_ದಂಡೆ:
ಸ್ವಂತ ಕಪ್ಪು ತಗೊಂಡು ಹೋದ್ರೆ ಒಂದು ಪೈಸೇನೂ ಇಲ್ಲ. ಡಿಪಾಸಿಟ್ ಕಪ್ಪು ಕೊಡೋ ಅಂಗಡಿಗಳೂ ಇವೆ, ವಾಪಸ್ ಕೊಟ್ರೆ ದುಡ್ಡು ವಾಪಸ್.

ತಾರಾ_ಕೂಸು:
ಸೀಮಾ ಅಕ್ಕಾ, ಮಗಳಿಗೆ ಬೋರ್ ಆಗೋದೇ ಇಲ್ಲ. ಕೋಟೆ ಒಳಗಿನ ಮ್ಯೂಸಿಯಂಗೆ ಕರ್ಕೊಂಡು ಹೋಗಿ. ಅಲ್ಲಿ ಮ್ಯಾಮತ್ ದಂತದಲ್ಲಿ ಕೆತ್ತಿದ ಪುಟ್ಟ ಕುದುರೆ ಇದೆ, 5 ಸೆಂಟಿಮೀಟರೂ ಇಲ್ಲ, ವಯಸ್ಸು ಹತ್ತಿರ ಹತ್ತಿರ 40 ಸಾವಿರ ವರ್ಷ. ಫೋಗಲ್‌ಹೆರ್ಡ್ ಅನ್ನೋ ಗುಹೇಲಿ 1931ರಲ್ಲಿ ಸಿಕ್ಕಿದ್ದು, ಆ ಗುಹೆಗಳೆಲ್ಲ 2017ರಿಂದ ಯುನೆಸ್ಕೋ ಪಟ್ಟಿಯಲ್ಲಿವೆ. ಕಾಲುಗಳು ಮುರಿದುಹೋಗಿವೆ, ಆದ್ರೆ ಕುತ್ತಿಗೆ ಬಗ್ಗಿಸಿರೋ ಬಗ್ಗುವಿಕೆ ನೋಡಿದ್ರೆ ಕೆತ್ತಿದವನು ಕುದುರೇನ ಎಷ್ಟು ಹೊತ್ತು ನೋಡಿರಬೇಕು ಅನ್ಸತ್ತೆ. ನನ್ನ ಮಗ ಗಾಜಿಗೆ ಮೂಗು ಒತ್ಕೊಂಡು ನಿಂತವನು ಬರೋಕೇ ಒಪ್ಪಲಿಲ್ಲ.

ಅದೇ ಕೋಟೆಯ ಹಳೇ ಅಡುಗೆಮನೆ ಒಂದು ಕಾಲಕ್ಕೆ ಲ್ಯಾಬ್ ಆಗಿತ್ತು. ಫ್ರೀಡ್ರಿಶ್ ಮೀಶರ್ ಅನ್ನೋನು 1869ರಲ್ಲಿ ಆಸ್ಪತ್ರೆಯ ಬ್ಯಾಂಡೇಜ್ ಬಟ್ಟೆ ಮೇಲಿನ ಕೀವು ತಗೊಂಡು, ಅದರ ಬಿಳಿ ರಕ್ತಕಣದಿಂದ ಒಂದು ವಸ್ತು ಬೇರ್ಪಡಿಸಿ ನ್ಯೂಕ್ಲಿನ್ ಅಂತ ಹೆಸರಿಟ್ಟ. ಈಗ ಡಿಎನ್ಎ ಅಂತೀವಲ್ಲ ಅದೇ! ನಾನು ಬಯೋಟೆಕ್ ಓದಿದವಳು, ಆ ರೂಮಲ್ಲಿ ನಿಂತಾಗ ಮೈ ಜುಂ ಅಂತು. ಬೇರೆ ಯಾವ ಊರಾದ್ರೂ ಇದೊಂದನ್ನೇ ಇಟ್ಕೊಂಡು ನೂರು ಬೋರ್ಡ್ ಹಾಕಿರೋರು.

ರೈಲ್ವೆ_ರಂಗ:
ಕಂಪ್ಯೂಟರ್ ಮಂದಿಗೂ ಇದೆ. ಅಲ್ಲಿನ ಪ್ರೊಫೆಸರ್ ವಿಲ್ಹೆಲ್ಮ್ ಶಿಕಾರ್ಡ್ 1623ರಲ್ಲೇ ಲೆಕ್ಕ ಮಾಡೋ ಯಂತ್ರ ಮಾಡಿದ್ದ, ಕೆಪ್ಲರ್‌ಗೆ ಕಾಗದ ಬರೆದು ತಿಳಿಸಿದ್ದ. ಫ್ರೆಂಚ್ ಗಣಿತಜ್ಞ ಪಾಸ್ಕಲ್ ಮಾಡಿದ ಯಂತ್ರಕ್ಕಿಂತ ಮುಂಚೆ.

ಅಟ್ಟದ_ಪುಸ್ತಕ:
ಕಾದಂಬರಿಕಾರ ಹರ್ಮನ್ ಹೆಸ್ಸೆ 1895ರಿಂದ 1899ರ ತನಕ ಕೆಲಸ ಮಾಡಿದ ಪುಸ್ತಕದಂಗಡಿ ಚರ್ಚ್ ಎದುರಿಗೇ ಇದೆ, ಹೆಕೆನ್‌ಹೌವರ್ ಅಂತ. ಹೆಸ್ಸೆಯ ತಾಯಿ ಹುಟ್ಟಿದ್ದು ಕೇರಳದ ತಲಶ್ಶೇರೀಲಿ, ಅಜ್ಜ ಮಲಯಾಳಂ ನಿಘಂಟು ಮಾಡಿದ ಗುಂಡರ್ಟ್. ಇಲ್ಲಿ ಒಂದು ಮಾತು ಹೇಳಲೇಬೇಕು, ಗುಂಡರ್ಟ್ ಹೆಸರಲ್ಲಿ ಆ ಯೂನಿವರ್ಸಿಟೀಲಿ ಮಲಯಾಳಂ ಪೀಠ ಆಯ್ತು, ಅವರ ಹಸ್ತಪ್ರತಿಗಳು ಅಲ್ಲಿನ ಲೈಬ್ರರೀಲಿವೆ. ಮಲಯಾಳಿಗಳು ಹಿಡಿದ ಕೆಲಸ ಬಿಡದೆ ಮಾಡಿಸ್ಕೊಂಡ್ರು. ಕನ್ನಡಕ್ಕೆ ಇಬ್ಬರು ಡಾಕ್ಟರ್‌ಗಳನ್ನ ಕೊಟ್ಟ ಜಾಗದಲ್ಲಿ ಕನ್ನಡಕ್ಕೂ ಅಂಥದ್ದು ಆಗಬೇಕು. ಜರ್ಮನೀಲಿ ಇಷ್ಟು ಕನ್ನಡಿಗರಿದ್ದೀವಿ, ರಾಜ್ಯೋತ್ಸವಕ್ಕೆ ಹಾಲ್ ಬುಕ್ ಮಾಡೋ ಹುರುಪಿನಲ್ಲಿ ಸ್ವಲ್ಪ ಈ ಕಡೆ ತಿರುಗಿದ್ರೆ ಆಗದ ಕೆಲಸ ಅಲ್ಲ.

ಧಾರವಾಡ_ಫೇಡೆ:
ನೂರಕ್ಕ ನೂರು ಖರೆ. ಯಾರರೇ ಮನವಿ ಬರೀರಿ, ಸಹಿ ಹಾಕಾಕ ನಾವದೀವಿ.

ಕುಡ್ಲದ_ಹುಡುಗ:
ನಾನೂ.

ಸೀಮಾ_ಸ್ಟುಟ್‌ಗಾರ್ಟ್:
ಹೋಗಿಬಂದ್ವಿ!! ನೀವೆಲ್ಲ ಇಷ್ಟು ಹೇಳಿದ್ದಕ್ಕೆ ವಿವರವಾಗಿ ಬರೀಲೇಬೇಕು.

ಮೊದಲು ದೋಣಿ. ಹೋಲ್ಡರ್ಲಿನ್ ಗೋಪುರದ ಹತ್ರದಿಂದ ಹೊರಡತ್ತೆ, ಉದ್ದಕ್ಕೆ ಸಣ್ಣಕ್ಕಿರೋ ಮರದ ದೋಣಿ, ನೆಲಕ್ಕೆ ಹತ್ತಿಕೊಂಡ ಹಾಗೆ ಸೀಟು, ಬೆನ್ನಿಗೆ ಹಲಗೆ. ಹತ್ತೋಕೆ ಅಮ್ಮಂಗೆ ಕಷ್ಟ ಆಯ್ತು, ದೋಣಿಯವನು ಸ್ಟೂಡೆಂಟ್ ಹುಡುಗ, ಎರಡೂ ಕೈ ಹಿಡಿದು ಕೂರಿಸಿದ. ಅವನು ಹಿಂದೆ ನಿಂತು ಆಳೆತ್ತರಕ್ಕಿಂತ ಎಷ್ಟೋ ಉದ್ದದ ಜಲ್ಲೆ ನೀರಿಗೆ ಬಿಟ್ಟು, ತಳಕ್ಕೆ ತಾಗಿದ ಮೇಲೆ ಮೈಭಾರ ಹಾಕಿ ಒತ್ತುತ್ತಾನೆ, ದೋಣಿ ಸದ್ದೇ ಇಲ್ಲದೆ ಸರ್ರಂತ ಮುಂದಕ್ಕೆ ಹೋಗತ್ತೆ. ಎತ್ತುವಾಗ ನೀರು ತಲೆ ಮೇಲೆ ತೊಟ್ಟಿಕ್ಕತ್ತೆ, ಮಗಳಿಗೆ ಅದೇ ಖುಷಿ. ಹೋಲ್ಡರ್ಲಿನ್ ಬುದ್ಧಿ ಸ್ಥಿಮಿತ ತಪ್ಪಿದ ಮೇಲೆ 1807ರಿಂದ 1843ರ ತನಕ, 36 ವರ್ಷ ಆ ಹಳದಿ ಗೋಪುರದಲ್ಲಿ ಇದ್ನಂತೆ, ನೋಡ್ಕೊಂಡಿದ್ದು ಬಡಗಿ ಮನೆಯವರು. ಅಪ್ಪ ಅದನ್ನ ಕೇಳಿ "ಎಂಥಾ ದೊಡ್ಡ ಮನಸಿನ ಮಂದಿ ನೋಡವಾ" ಅಂತ ದಾರಿಯುದ್ದಕ್ಕೂ ಅಂತಿದ್ರು.

ಕೋಟೆಗೆ ಅಮ್ಮ ಬರಲಿಲ್ಲ, ಮಾರ್ಕೆಟ್ ಚೌಕದ ನೆಪ್ಚೂನ್ ಕಾರಂಜಿ ಹತ್ರ ನಮ್ಮನೆಯವರ ಜೊತೆ ಕೂತಿದ್ರು. ನಾನು ಅಪ್ಪ ಮಗಳು ಹೋದ್ವಿ. ತಾರಾ, ನೀವು ಹೇಳಿದ ಕುದುರೆ ನೋಡಿದ್ವಿ, ನಿಮ್ಮ ಮಗನ ಹಾಗೇ ಆಯ್ತು ಇಲ್ಲೂ.

ನೊಯೆ ಆವುಲಾ ಮುಂದೆ ಅಪ್ಪ ಧಾರವಾಡದ ಹಳೇ ಸಹೋದ್ಯೋಗಿಗಳಿಗೆಲ್ಲ ವಾಟ್ಸಾಪ್ ವಿಡಿಯೋ ಕಾಲ್ ಹಚ್ಚಿದ್ರು, ಕಟ್ಟಡ ತೋರಿಸ್ತಾ ಪೂರ್ತಿ ಪಾಠ. ಅಲ್ಲಿ ಮೆಟ್ಟಿಲ ಮೇಲೆ ಕೂತಿದ್ದ ಹುಡುಗಿ ಒಬ್ಬಳು ಏನು ನಡೀತಿದೆ ಅಂತ ಕೇಳಿದ್ಲು, ನಾನು ಜರ್ಮನ್‌ನಲ್ಲಿ ಹೇಳಿದೆ. ಕಿಟೆಲ್ ಹೆಸರೇ ಕೇಳಿರಲಿಲ್ಲ ಅವಳು, ಫೋನಲ್ಲಿ ಬರೆದಿಟ್ಕೊಂಡ್ಲು.

ಮೆಟ್ಸಿಂಗೆನ್‌ನಲ್ಲಿ ಇಳೀಲಿಲ್ಲ, ಅಷ್ಟು ಹೊತ್ತಿಗೆ ನಮ್ಮನೆಯವರಿಗೇ ಬೇಡ ಅನ್ನಿಸ್ತು.

ಅಟ್ಟದ_ಪುಸ್ತಕ:
ಓದಿ ತುಂಬಾ ಸಂತೋಷ ಆಯ್ತು ಸೀಮಾ. ಅಪ್ಪಂಗೆ ನನ್ನ ನಮಸ್ಕಾರ ಹೇಳಿ.

ಬೋಬ್ಲಿಂಗೆನ್_ಭಟ್ಟ:
ಮುಂದಿನ ತಿಂಗಳು ನಮ್ಮ ಅತ್ತೆ ಮಾವ ಬರ್ತಿದಾರೆ, ಇದೇ ಪ್ಲಾನ್ ಮಾಡ್ತೀನಿ. ಎರಡನೇ ದಿನಕ್ಕೆ ಹತ್ರದಲ್ಲಿ ಏನಿದೆ?

ನೆಕ್ಕರ್_ದಂಡೆ:
ಎರಡಿದೆ. ಬೆಬೆನ್‌ಹೌಸನ್ ಮಠ, ಬಸ್ಸಲ್ಲಿ ಹೋಗಬಹುದು, ಕಾಡಿನ ಮಧ್ಯ. ವುರ್ಟೆಂಬರ್ಗ್‌ನ ಕೊನೇ ರಾಜ ಪಟ್ಟ ಬಿಟ್ಟ ಮೇಲೆ ಇದ್ದಿದ್ದು, 1921ರಲ್ಲಿ ತೀರಿಕೊಂಡಿದ್ದು ಅಲ್ಲೇ. ಇನ್ನೊಂದು ಹೋಹೆನ್‌ಜೋಲರ್ನ್ ಕೋಟೆ, ಹೆಶಿಂಗೆನ್ ತನಕ ರೈಲು, ಅಲ್ಲಿಂದ ಬಸ್ಸು. ಬೆಟ್ಟದ ತುದೀಲಿ ಸುತ್ತ ಮಂಜು ಇದ್ದಾಗ ನೋಡ್ಬೇಕು, ಕೋಟೆ ಬೇಕು ಅನ್ನೋರಿಗೆ ನಾಯ್‌ಶ್ವಾನ್‌ಸ್ಟೈನ್‌ಗೆ ಅಷ್ಟು ದೂರ ಹೋಗೋ ಅಗತ್ಯವೇ ಇಲ್ಲ. ವಯಸ್ಸಾದವರಿಗೆ ಬೆಬೆನ್‌ಹೌಸನ್ ಸುಲಭ.

ಮಲ್ನಾಡ್_ಅಡಿಗೆ:
ಮೇ ಜೂನ್‌ನಲ್ಲಿ ಹೋಗೋರು ಕಾರ್ಪಸ್ ಕ್ರಿಸ್ಟಿ ರಜೆ ದಿನ ನೋಡ್ಕೊಂಡು ಹೋಗಿ, ಅವತ್ತು ದೋಣಿ ರೇಸ್ ಇರತ್ತೆ. ಸೋತ ತಂಡದವರು ಮೀನೆಣ್ಣೆ ಕುಡೀಬೇಕು, ಒಬ್ಬೊಬ್ಬರೂ ಅರ್ಧ ಲೀಟರ್!

ಹಳೇಮೈಸೂರು:
ಅಬ್ಬಾ! ಚಳಿಗಾಲದಲ್ಲಿ ಏನಾದ್ರೂ ಇದ್ಯಾ, ನಾವು ಬರೋದು ಡಿಸೆಂಬರ್‌ಗೆ.

ತಾರಾ_ಕೂಸು:
ಡಿಸೆಂಬರ್ ಮೊದಲ ವಾರದ ಹೊತ್ತಿಗೆ ಚಾಕೊಲೇಟ್ ಹಬ್ಬ ಇರತ್ತೆ, ಚೋಕೊಲಾರ್ಟ್ ಅಂತ, ಹಳೇ ಊರಿನ ಬೀದಿ ತುಂಬ ಸ್ಟಾಲ್. ಸಂಜೆ ವಿಪರೀತ ರಶ್ಶು, ವಾರದ ದಿನ ಬೆಳಿಗ್ಗೆ ಹೋಗಿ. ದೋಣಿ ಮಾತ್ರ ಆಗ ಸಿಗೋದು ಕಷ್ಟ.

ಧಾರವಾಡ_ಫೇಡೆ:
ಆ ಪೀಠದ ಮನವಿ ವಿಷಯ ಎಲ್ಲಿಗೆ ಬಂತ್ರಿ? ಅಟ್ಟದ ಪುಸ್ತಕದವರs ಶುರು ಮಾಡ್ರಿ, ಸೀಮಾ ಅವರ ತಂದಿಯವರು ಕನ್ನಡದಾಗ ಒಂದು ಕರಡು ಬರೀಲಿ.

ಸೀಮಾ_ಸ್ಟುಟ್‌ಗಾರ್ಟ್:
ಅಪ್ಪ ಆಗಲೇ ಪೆನ್ನು ಹಿಡಿದು ಕೂತಿದಾರೆ. ಜರ್ಮನ್ ಅನುವಾದಕ್ಕೆ ಯಾರು ಬರ್ತೀರಿ?

ನೆಕ್ಕರ್_ದಂಡೆ:
ನಾನು ಮಾಡ್ತೀನಿ. ಕರಡು ಕಳಿಸಿ.